ಕೌದಿಗೆ ಅಂಟು ಬೇಡ, ಪಿನ್ನು ಸಾಕು

ಅಜ್ಜಿಯ ಇಳಕಲ್ ಸೀರೆ, ತಾಯಿಯ ನೂಲಿನ ಸೀರೆ ಕಪಾಟಿನಲ್ಲೇ ಜೀರ್ಣವಾಗುವ ಬದಲು ಕೌದಿಯಾಗಲಿ ಎಂಬ ಆಸೆ ಮುಂಬಯಿ, ಪುಣೆಯ ಕನ್ನಡ ಮನೆಗಳಲ್ಲಿ ಇಂದಿಗೂ ಇದೆ. ಮರಾಠಿಗರ ಗೋಧಡಿ ನಮ್ಮ ಉತ್ತರ ಕರ್ನಾಟಕದ ಕೌದಿಯ ಬಂಧುವೇ. ಆದರೆ ಆ ಸೀರೆಗಳು ಪೇಟೆಯಲ್ಲಿ ಮತ್ತೆ ಸಿಗುವಂಥವಲ್ಲ. ಪದರು ಜಾರಿ ಒಳಗೆ ನೆರಿಗೆ ಬಿದ್ದರೆ ಹೊಲಿಗೆ ಬಿಚ್ಚಬೇಕು. ಸವೆದ ಬಟ್ಟೆ ಬಿಚ್ಚುವಾಗಲೇ ಹರಿಯುತ್ತದೆ. ಆದ್ದರಿಂದ ಹೊಲಿಗೆಗೆ ಮೊದಲು ಪದರುಗಳನ್ನು ಜಾರದಂತೆ ನಿಲ್ಲಿಸಿಕೊಳ್ಳುವುದು ಮುಖ್ಯ.

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರಿಗೆ ಈ ಚಿಂತೆ ಕಡಿಮೆ. ಅವರು ಮೂಲೆಯಿಂದ ಆರಂಭಿಸಿ, ತುಂಡುಬಟ್ಟೆಗಳನ್ನು ಒಂದೊಂದಾಗಿ ಇಟ್ಟು ಹೊಲಿಯುತ್ತ, ಸುತ್ತು ಹಾಕಿ ನಡುವಿಗೆ ಬರುತ್ತಾರೆ. ಮೇಲ್ಪದರನ್ನು ಪೂರ್ತಿ ಜೋಡಿಸಿ ಒಮ್ಮೆಲೇ ಹಾಸುವವರಿಗೆ ಆಧಾರ ಬೇಕೇ ಬೇಕು.

ಇದಕ್ಕೆಂದು ಅಂಟಿನ ಸ್ಪ್ರೇ ಡಬ್ಬಿಗಳು ಬಂದಿವೆ. ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಇವುಗಳಲ್ಲಿ ಬೆಂಕಿ ಹತ್ತುವಂಥವೇ ಹೆಚ್ಚು. ಸಿಂಪಡಿಸಲು ಗಾಳಿಯಾಡುವ ಜಾಗವೂ ಬೇಕು. ಅಡುಗೆ, ಊಟ, ನಿದ್ದೆ ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುವ ಮನೆಗೆ ಇದು ತಕ್ಕದ್ದಲ್ಲ. ಸುಮಾರು ಒಂದಿಂಚಿನ ಸೇಫ್ಟಿ ಪಿನ್ನುಗಳೇ ಸಾಕು.

ಬಟ್ಟೆಗಳನ್ನೆಲ್ಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಕೆಳಪದರು ನಾಲ್ಕೂ ಕಡೆ 2 ಇಂಚು ದೊಡ್ಡದಿರಲಿ. ಅದನ್ನು ಉಲ್ಟಾ ಮಾಡಿ ನೆಲಕ್ಕೆ ಹಾಸಿ, ಅಂಚುಗಳಿಗೆ ಟೇಪು ಅಂಟಿಸಿ. ಸುಕ್ಕಿಲ್ಲದಿದ್ದರೆ ಸಾಕು, ಎಳೆದು ಬಿಗಿಯಬಾರದು. ಎಳೆದ ಬಟ್ಟೆ ಟೇಪು ತೆಗೆದೊಡನೆ ಕುಗ್ಗಿ ನೆರಿಗೆಯಾಗುತ್ತದೆ. ಮೇಲೆ ನಡುವಿನ ಪದರುಗಳನ್ನಿಟ್ಟು, ಅಂಗೈಯಿಂದ ನಡುವಿನಿಂದ ಅಂಚಿಗೆ ಸವರಿ. ಕೊನೆಗೆ ಮೇಲ್ಪದರು.

ಮೊದಲ ಪಿನ್ನು ನಟ್ಟನಡುವೆ. ಅಲ್ಲಿಂದ ಅಂಚಿನತ್ತ ಸಾಗುತ್ತ 4 ಇಂಚಿಗೊಂದರಂತೆ, ಎಲ್ಲ ಪದರುಗಳನ್ನೂ ಹಿಡಿಯುವಂತೆ ಚುಚ್ಚಿ. ಹೊಲಿಗೆ ಬರುವ ಸಾಲನ್ನು ಬಿಟ್ಟು ಪಕ್ಕಕ್ಕೆ ಹಾಕಿ. ಪಿನ್ನಿನ ಮೊನೆಯನ್ನು ಚಮಚದ ಅಂಚಿಗೆ ಆನಿಸಿ ಎತ್ತಿದರೆ ಬೆರಳು ನೋಯುವುದಿಲ್ಲ. ಎಲ್ಲ ಮುಗಿದ ಮೇಲೆ ಟೇಪು ತೆಗೆದು ತಿರುವಿ ನೋಡಿ. ಸುಕ್ಕು ಕಂಡಲ್ಲಿ ನಾಲ್ಕು ಪಿನ್ನು ತೆಗೆದು ಸರಿಪಡಿಸಬಹುದು. ರೇಷ್ಮೆಯಲ್ಲಿ ತೂತು ಉಳಿಯುವುದರಿಂದ ಅದಕ್ಕೆ ಸಣ್ಣ ಸೂಜಿಯ ಕಚ್ಚಾ ಹೊಲಿಗೆಯೇ ಮೇಲು.

ಲೆಕ್ಕ ಹೀಗಿದೆ: 3 ಅಡಿಗೆ 4 ಅಡಿಯ ಕೂಸಿನ ಕೌದಿಗೆ ಸುಮಾರು 108 ಪಿನ್ನು, 5 ಅಡಿಗೆ 6 ಅಡಿಯ ದೊಡ್ಡದಕ್ಕೆ 270. ಹೊಲಿಗೆ ಹತ್ತಿರ ಬಂದಂತೆ ಒಂದೊಂದನ್ನೇ ತೆಗೆದು ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿದು ಕಲೆ ಮಾಡುವುದರಿಂದ ವಾರಗಟ್ಟಲೆ ಹಾಗೇ ಬಿಡಬೇಡಿ.

ಮನೆಯಲ್ಲಿ ಹಾಸಲು ಜಾಗವಿಲ್ಲದವರಿಗೆ ಸಂಘದ ಸಭಾಗೃಹವಿದೆ. ಮಹಿಳಾ ವಿಭಾಗದವರು ನಾಲ್ಕು ಜನ ನಾಲ್ಕು ಮೂಲೆಗೆ ಕುಳಿತರೆ ಒಂದು ಭಾನುವಾರದ ಮಧ್ಯಾಹ್ನದೊಳಗೆ ಪಿನ್ನಿನ ಕೆಲಸ ಮುಗಿದೀತು. ಆದರೆ ಹಾಕುವಾಗ ಎಣಿಸಿದಷ್ಟೇ ಪಿನ್ನು ತೆಗೆದಾಗಲೂ ಡಬ್ಬಿಯಲ್ಲಿರಬೇಕು. ಬ್ಯಾಂಕಿನಲ್ಲಿ ನಗದು ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ, ಇಲ್ಲಿಯೂ ಅಷ್ಟೇ. 108ರಲ್ಲಿ ಒಂದು ಕಡಿಮೆಯಾದರೂ, ಅದು ಸಿಗುವ ತನಕ ಆ ಕೌದಿಯ ಮೇಲೆ ಕೂಸನ್ನು ಮಲಗಿಸಬಾರದು.