ವಿಳಾಸವೊಂದೇ ಗುರುತಲ್ಲ

ಒಂದೇ ತರಗತಿಯಲ್ಲಿ ಬಸವರಾಜನೆಂಬ ಹೆಸರಿನ ಇಬ್ಬರು ವಿದ್ಯಾರ್ಥಿಗಳಿದ್ದರೆ ಹಾಜರಿ ಕರೆಯುವ ಗುರುಗಳಿಗೆ ತೊಡಕಾಗುವುದು ಸಹಜ. ಅದಕ್ಕೆಂದೇ ಶಾಲೆಯ ಕಚೇರಿಯು ಪ್ರತಿಯೊಬ್ಬನಿಗೂ ಬೇರೆ ಬೇರೆ ದಾಖಲಾತಿ ಸಂಖ್ಯೆಯನ್ನು ನೀಡಿರುತ್ತದೆ. ಇಂತಹುದೇ ತೊಡಕು ಇಂದಿನ ಕಿರುಗಣಕಗಳಲ್ಲಿಯೂ ಉಂಟು.

2011ರಲ್ಲಿ ಬೀಗಲ್‌ಬೋನ್, 2012ರಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕಫಲಕಗಳು ಬಳಕೆಗೆ ಬಂದವು. ಇವು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಿಂದ ನಡೆಯುತ್ತವೆ. ಫಲಕದ ಅಂಚಿನಲ್ಲಿರುವ ಪಿನ್ನುಗಳಿಗೆ ಬೇರೆ ಬೇರೆ ಉಪಫಲಕಗಳನ್ನು ಜೋಡಿಸಿ ಉಷ್ಣತೆಯನ್ನು ಅಳೆಯಬಹುದು, ಮೋಟಾರನ್ನು ತಿರುಗಿಸಬಹುದು. ಆದರೆ ಜೋಡಿಸಿದ ಉಪಫಲಕ ಯಾವುದೆಂಬುದು ಲಿನಕ್ಸಿಗೆ ತಿಳಿಯುವುದೆಂತು?

ಯು.ಎಸ್.ಬಿ. ಸಾಧನಗಳಲ್ಲಿ ಈ ಸಮಸ್ಯೆಯಿಲ್ಲ. ಅವು ಜೋಡಣೆಯಾದೊಡನೆ ತಯಾರಕರ ಸಂಖ್ಯೆಯನ್ನೂ ವಸ್ತುವಿನ ಸಂಖ್ಯೆಯನ್ನೂ ತಾವೇ ತಿಳಿಸುತ್ತವೆ. ಆದರೆ ಕಿರುಗಣಕಗಳಲ್ಲಿ ಹೆಚ್ಚಾಗಿ ಬಳಸುವ ಐ-ಸ್ಕ್ವೇರ್-ಸಿ ಎಂಬ ಎರಡು ತಂತಿಗಳ ಸಂಪರ್ಕಮಾರ್ಗದಲ್ಲಿ ಪ್ರತಿ ಸಾಧನಕ್ಕೂ ಸಾಮಾನ್ಯವಾಗಿ ಏಳು ದ್ವಿಮಾನ ಅಂಕಿಗಳ ವಿಳಾಸ ಮಾತ್ರ ಇರುತ್ತದೆ. ಹೀಗೆ ದೊರೆಯುವ 128 ವಿಳಾಸಗಳಲ್ಲಿ ಕೆಲವನ್ನು ಕಾದಿರಿಸಿದರೆ ಉಳಿಯುವುದು 112 ಮಾತ್ರ. ಬಿಲ್ಲೆಗಳ ಬಗೆಗಳಾದರೋ ಸಾವಿರಾರು. ಆದುದರಿಂದ ಒಂದೇ ವಿಳಾಸವು ಹಲವು ಬಗೆಯ ಬಿಲ್ಲೆಗಳಿಗೆ ಸಂದಿದೆ. ಷೋಡಶಮಾನ ಪದ್ಧತಿಯ 68 ಎಂಬ ವಿಳಾಸದಲ್ಲಿ ಕಾಲವನ್ನು ತಿಳಿಸುವ ಡಿ.ಎಸ್. 3231 ಇರಬಹುದು; ಚಲನೆಯನ್ನು ಅಳೆಯುವ ಎಂ.ಪಿ.ಯು. 6050 ಕೂಡ ಇರಬಹುದು. ಮನೆಯ ಸಂಖ್ಯೆ ತಿಳಿದಮಾತ್ರಕ್ಕೆ ಮನೆಯೊಳಗಿನವರು ಯಾರೆಂದು ತಿಳಿದಂತಾಗಲಿಲ್ಲ. ಊಹೆಯಿಂದ ನಡೆದರೆ ಅಳತೆಗಳು ತಪ್ಪುತ್ತವೆ. ಒಂದೇ ಪಿನ್ನಿನ ಮೇಲೆ ಎರಡು ಕಡೆಯಿಂದ ವಿರುದ್ಧ ಸಂಕೇತಗಳು ಹರಿದರೆ ಬಿಲ್ಲೆಗಳೇ ಸುಡಬಹುದು.

ಈ ಕಾರಣದಿಂದ ಉಪಫಲಕದ ಮೇಲೆಯೇ ಪುಟ್ಟದೊಂದು ಸ್ಮೃತಿಬಿಲ್ಲೆಯನ್ನಿಟ್ಟು ಅದರಲ್ಲಿ ಗುರುತನ್ನು ಬರೆದಿಡುವ ಕ್ರಮ ಬಂದಿತು. ಬೀಗಲ್‌ಬೋನಿನ ‘ಕೇಪ್’ ಉಪಫಲಕಗಳಲ್ಲಿ ಈ ಬಿಲ್ಲೆಗೆ 54ರಿಂದ 57ರವರೆಗಿನ ನಾಲ್ಕು ವಿಳಾಸಗಳು ಮೀಸಲು. ಆದುದರಿಂದ ನಾಲ್ಕು ಕೇಪ್‌ಗಳನ್ನು ಒಂದರ ಮೇಲೊಂದು ಏರಿಸಬಹುದು. ರಾಸ್ಪ್‌ಬೆರಿ ಪೈಯ ‘ಹ್ಯಾಟ್’ ಉಪಫಲಕಗಳ ನಿಯಮಾವಳಿಯು 2014ರಲ್ಲಿ ಪ್ರಕಟವಾಯಿತು. ನಲವತ್ತು ಪಿನ್ನುಗಳ ಪೈಕಿ 27 ಮತ್ತು 28ನೆಯವನ್ನು ಗುರುತನ್ನು ಓದುವುದಕ್ಕೆಂದೇ ಕಾದಿರಿಸಲಾಗಿದೆ. ತಯಾರಕರ ಹೆಸರು, ವಸ್ತುವಿನ ಹೆಸರು, ಅದರ ಸಂಖ್ಯೆ, ಆವೃತ್ತಿ ಇವೆಲ್ಲವೂ ಆ ಬಿಲ್ಲೆಯಲ್ಲಿರುತ್ತವೆ. ಇವುಗಳೊಡನೆ, ಯಾವ ಪಿನ್ನಿಗೆ ಯಾವ ಕೆಲಸವೆಂಬುದನ್ನು ವಿವರಿಸುವ ‘ಡಿವೈಸ್ ಟ್ರೀ’ ಎಂಬ ವರ್ಣನೆಯೂ ಸೇರಿರಬಹುದು. ಗಣಕವು ಆರಂಭವಾಗುವಾಗಲೇ ಇದನ್ನು ಓದಿ, ಲಿನಕ್ಸಿಗೆ ಒಪ್ಪಿಸುತ್ತದೆ.

ಇನ್ನು ಸಂಖ್ಯೆಯನ್ನು ಕೊಡುವವರಾರು ಎಂಬ ಪ್ರಶ್ನೆ. ಇದಕ್ಕೆ ಎರಡು ಮಾರ್ಗಗಳಿವೆ. ಯು.ಎಸ್.ಬಿ.ಯಲ್ಲಿ ಕೇಂದ್ರಸಂಸ್ಥೆಯೊಂದು ಶುಲ್ಕ ಪಡೆದು ತಯಾರಕರ ಸಂಖ್ಯೆಯನ್ನು ಹಂಚುತ್ತದೆ. ಹದಿನಾರು ದ್ವಿಮಾನ ಅಂಕಿಗಳ ಈ ಸಂಖ್ಯೆಗಳು ಒಟ್ಟು 65,536 ಮಾತ್ರ. ಸಾವಿರಾರು ಡಾಲರುಗಳ ಈ ಶುಲ್ಕವು ಹತ್ತಾರು ಫಲಕಗಳನ್ನು ಮಾಡುವ ಸಣ್ಣ ಕಾರ್ಯಾಗಾರಕ್ಕಾಗಲಿ ವಿದ್ಯಾರ್ಥಿಗಳಿಗಾಗಲಿ ಎಟುಕುವಂಥದಲ್ಲ. ಹ್ಯಾಟ್ ನಿಯಮಾವಳಿಯು ಬೇರೆ ಮಾರ್ಗವನ್ನು ಹಿಡಿದಿದೆ. ಇಲ್ಲಿ ತಯಾರಕನು ತನ್ನ ಹೆಸರನ್ನು ತಾನೇ ಬರೆದುಕೊಳ್ಳುತ್ತಾನೆ. ಪ್ರತಿಯೊಂದು ಫಲಕಕ್ಕೂ 128 ದ್ವಿಮಾನ ಅಂಕಿಗಳ ಸಂಖ್ಯೆಯೊಂದನ್ನು ಹೊಸದಾಗಿ ಸೃಷ್ಟಿಸಿಕೊಳ್ಳುತ್ತಾನೆ. ಸಂಖ್ಯೆಗಳ ಈ ಭಂಡಾರವು ಎಷ್ಟು ವಿಶಾಲವೆಂದರೆ, ಸರಿಯಾಗಿ ಸೃಷ್ಟಿಸಿದ ಎರಡು ಸಂಖ್ಯೆಗಳು ಒಂದೇ ಆಗುವ ಸಂಭವವು ಇಲ್ಲವೆಂದೇ ಹೇಳಬೇಕು. ಕಚೇರಿಯೂ ಬೇಡ, ಶುಲ್ಕವೂ ಬೇಡ.

ಆದರೆ ಕಚೇರಿ ಇಲ್ಲದೆಡೆ ಕರ್ತವ್ಯವೆಲ್ಲವೂ ತಯಾರಕನ ಮೇಲೆಯೇ ಬೀಳುತ್ತದೆ. ಶ್ರಮವನ್ನು ಉಳಿಸಲೆಂದು ಒಂದೇ ಬರಹವನ್ನು ನೂರು ಫಲಕಗಳಿಗೂ ನಕಲು ಮಾಡಿದರೆ, ಇಡೀ ತರಗತಿಗೆ ಒಂದೇ ದಾಖಲಾತಿ ಸಂಖ್ಯೆಯನ್ನು ಕೊಟ್ಟಂತಾಗುತ್ತದೆ. ತಂತಿಗಳ ಜೋಡಣೆಯನ್ನು ಬದಲಿಸಿಯೂ ಗುರುತಿನ ಬರಹವನ್ನು ಹಿಂದಿನಂತೆಯೇ ಉಳಿಸಿದರೆ, ಹಳೆಯ ವರ್ಣನೆಯು ಹೊಸ ಫಲಕಕ್ಕೆ ಅನ್ವಯವಾಗಿ ಮೇಲೆ ಹೇಳಿದ ಹಾನಿಯೇ ಸಂಭವಿಸಬಹುದು. ಬರಹವು ಅಚಾತುರ್ಯದಿಂದ ಅಳಿಯದಂತೆ ಬೀಗ ಹಾಕುವ ವ್ಯವಸ್ಥೆಯನ್ನು ನಿಯಮಾವಳಿಯೇ ವಿಧಿಸಿದೆ. ಅಕ್ಷರಗಳು ಕೆಟ್ಟಿವೆಯೇ ಎಂದು ನೋಡುವ ತಾಳೆಯ ಸಂಖ್ಯೆಯೂ ಅದರಲ್ಲುಂಟು. ಆದರೆ ಬರೆದುದು ನಿಜವೇ ಎಂಬುದನ್ನು ಆ ತಾಳೆಯ ಸಂಖ್ಯೆ ತಿಳಿಸಲಾರದು. ಗಣಕವು ಬರೆದುದನ್ನು ಬರೆದಂತೆಯೇ ನಂಬುತ್ತದೆ. ಆದುದರಿಂದ ಬರೆಯುವ ಕೈಯೇ ಎಚ್ಚರವಾಗಿರಬೇಕು.