ಕಾಲೂರದ ಆಟ, ಕಣ್ಣು ನೆಟ್ಟ ಕ್ಯಾಮೆರಾ

ಬೈಕ್ ಸ್ಪರ್ಧೆ ಎಂದಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ವೇಗ. ತಿರುವಿನಲ್ಲಿ ಮಂಡಿ ನೆಲಕ್ಕೆ ತಾಗಿಸಿ ನುಗ್ಗುವ ಸವಾರ, ಅವನ ಹಿಂದೆ ಗೆರೆಗೆರೆಯಾಗಿ ಕರಗಿಹೋದ ಜನ, ಮರ, ಗೋಡೆ. ಪತ್ರಿಕೆಯ ಕ್ರೀಡಾಪುಟದಲ್ಲಿ ಇಂಥ ಚಿತ್ರಗಳನ್ನು ನೋಡಿ ನೋಡಿ ನಮಗೆ ರೂಢಿಯಾಗಿದೆ. ಆದರೆ ಬೈಕಿನದೇ ಇನ್ನೊಂದು ಆಟವಿದೆ. ಅಲ್ಲಿ ವೇಗಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಬಂಡೆ, ಹಳ್ಳ, ಕೆಸರು, ಮರದ ಬೇರು ಎಲ್ಲವನ್ನೂ ಕಾಲು ನೆಲಕ್ಕೆ ಊರದೆ ದಾಟಿ ಬರಬೇಕು, ಅಷ್ಟೇ. ಇದರ ಹೆಸರು ಟ್ರಯಲ್ಸ್.

ಹೊಸೂರಿನ ಕಡೆಯವರಿಗೆ ಬೈಕು ಹೊಸದಲ್ಲ. ಟಿವಿಎಸ್ ಬೈಕುಗಳು ತಯಾರಾಗುವ ಊರು ಅದು. ಮಣ್ಣಿನ ಹಾದಿಯ ರೇಸು, ರ್‍ಯಾಲಿಗಳ ಸುದ್ದಿಯೂ ಅಲ್ಲಿನ ಹುಡುಗರ ಬಾಯಲ್ಲಿ ಇರುತ್ತದೆ. ಆದರೂ ಟ್ರಯಲ್ಸ್ ಎಂಬ ಹೆಸರು ನಮ್ಮ ಕಡೆ ಅಷ್ಟಾಗಿ ಬಳಕೆಯಲ್ಲಿಲ್ಲ. ಹಾಗಾಗಿ ಮೊದಲು ಆಟ ಏನೆಂದು ನೋಡೋಣ. ಅದರ ಫೋಟೊ ತೆಗೆಯುವುದು ಏಕೆ ಅಷ್ಟು ಕಷ್ಟ ಎಂಬುದು ಆಮೇಲೆ ತಾನಾಗಿಯೇ ತಿಳಿಯುತ್ತದೆ.

ಆರು ದಿನಗಳ ಪರೀಕ್ಷೆ

ಈ ಆಟದ ದೊಡ್ಡ ಜಾತ್ರೆ ನಡೆಯುವುದು ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಎಂಬ ಊರಿನಲ್ಲಿ. ಬ್ರಿಟನ್ನಿನ ಅತಿ ಎತ್ತರದ ಬೆಟ್ಟವಾದ 1,345 ಮೀಟರಿನ ಬೆನ್ ನೆವಿಸ್ ಈ ಊರಿನ ಬೆನ್ನಿಗೇ ಇದೆ. ‘ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್’ ಎಂಬ ಈ ಸ್ಪರ್ಧೆಯ ಮೂಲ 1909ಕ್ಕೆ ಹೋಗುತ್ತದೆ. ಮೇ ತಿಂಗಳ ಆರಂಭದಲ್ಲಿ, ಸೋಮವಾರದಿಂದ ಶನಿವಾರದವರೆಗೆ ಆರು ದಿನ ಇನ್ನೂರಕ್ಕೂ ಹೆಚ್ಚು ಸವಾರರು ಬೆಟ್ಟ, ತೊರೆ, ಜೌಗುನೆಲ ಸುತ್ತುತ್ತಾರೆ. ದಿನಕ್ಕೆ ಸುಮಾರು 30 ಕಡೆ ಪರೀಕ್ಷೆಯ ಜಾಗಗಳಿರುತ್ತವೆ. ಇವಕ್ಕೆ ‘ಸೆಕ್ಷನ್’ ಎನ್ನುತ್ತಾರೆ. ಪ್ರತಿ ಸೆಕ್ಷನ್ನಿನಲ್ಲೂ ಒಬ್ಬ ಅಬ್ಸರ್ವರ್ ನಿಂತು ಸವಾರನ ಪಾದದ ಮೇಲೇ ಕಣ್ಣಿಟ್ಟಿರುತ್ತಾರೆ.

ಲೆಕ್ಕ ಸರಳ. ಕಾಲೂರದೆ ದಾಟಿದರೆ ಸೊನ್ನೆ. ಒಮ್ಮೆ ಊರಿದರೆ ಒಂದು, ಎರಡು ಸಲ ಊರಿದರೆ ಎರಡು, ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಊರಿದರೆ ಮೂರು. ಬಿದ್ದರೆ ಅಥವಾ ಗಡಿ ದಾಟಿ ಹೊರಹೋದರೆ ಐದು. ಕೊನೆಗೆ ಯಾರ ಅಂಕ ಕಡಿಮೆಯೋ ಅವರೇ ಗೆದ್ದವರು. ಇಂಗ್ಲೆಂಡಿನ ಡಗ್ಗಿ ಲ್ಯಾಂಪ್ಕಿನ್ 1994ರಿಂದ 2017ರ ನಡುವೆ ಈ ಸ್ಪರ್ಧೆಯನ್ನು 12 ಬಾರಿ ಗೆದ್ದರು. ಅವರ ತಂದೆ ಮಾರ್ಟಿನ್ ಲ್ಯಾಂಪ್ಕಿನ್ 1975ರಲ್ಲಿ ಟ್ರಯಲ್ಸ್‌ನ ಮೊದಲ ವಿಶ್ವ ಚಾಂಪಿಯನ್ ಆದವರು. ಅಪ್ಪ ಮಗ ಇಬ್ಬರದೂ ಒಂದೇ ವಿದ್ಯೆ.

ಟ್ರಯಲ್ಸ್ ಬೈಕಿನ ತೂಕ ಸುಮಾರು 70 ಕಿಲೊ. ಕೂರಲು ಸೀಟು ಇಲ್ಲವೆಂದೇ ಹೇಳಬೇಕು, ಏಕೆಂದರೆ ಸವಾರ ಕೂರುವುದೇ ಇಲ್ಲ. ಫುಟ್‌ರೆಸ್ಟ್ ಮೇಲೆ ನಿಂತು, ಮಂಡಿ ಮಡಿಸಿ, ಮೈಯನ್ನು ಹಿಂದೆ ಮುಂದೆ ತೂಗುತ್ತ ಹೋಗುತ್ತಾನೆ.

ಫೋಟೊದಲ್ಲಿ ಏರು ಎಲ್ಲಿ ಹೋಯಿತು?

ಟ್ರಯಲ್ಸ್‌ಗೆ ಹೊಸದಾಗಿ ಕ್ಯಾಮೆರಾ ಹಿಡಿದು ಹೋದವರ ಮೊದಲ ಗೋಳು ಇದೇ. ಕಣ್ಣೆದುರು ನಿಂತಾಗ ಗೋಡೆಯಂತೆ ಕಂಡ ಏರು ಮನೆಗೆ ಬಂದು ಫೋಟೊ ನೋಡಿದರೆ ಬಯಲುದಾರಿಯಾಗಿರುತ್ತದೆ. ಸವಾರ ಸುಮ್ಮನೆ ಕಲ್ಲಿನ ಮೇಲೆ ಬೈಕು ನಿಲ್ಲಿಸಿಕೊಂಡು ಪೋಸು ಕೊಟ್ಟ ಹಾಗೆ ಕಾಣುತ್ತಾನೆ. ‘ಇಷ್ಟೇನಾ? ಇದನ್ನು ನಾನೂ ಹತ್ತಿಸ್ತಿದ್ದೆ’ ಎಂದು ನೋಡಿದವರು ಅಂದುಬಿಡುತ್ತಾರೆ. ಆರು ದಿನ ಮಳೆಚಳಿಯಲ್ಲಿ ಮೈ ನುಜ್ಜಾದವನಿಗೆ ಇದಕ್ಕಿಂತ ಅನ್ಯಾಯ ಬೇರೆ ಬೇಕೆ?

ಇದಕ್ಕೆ ಕಾರಣ ನಿಂತ ಜಾಗ. ಏರಿನ ತುದಿಯಲ್ಲಿ ನಿಂತು ಉದ್ದ ಲೆನ್ಸಿನಲ್ಲಿ ಕೆಳಗೆ ನೋಡಿದರೆ ನೆಲವೆಲ್ಲ ಒತ್ತಿದಂತಾಗಿ ಏರು ಮಾಯವಾಗುತ್ತದೆ. ತೀರಾ ಕೆಳಗಿನಿಂದ ತೆಗೆದರೆ ಬೈಕಿನ ಹೊಟ್ಟೆ, ಮಡ್‌ಗಾರ್ಡು ಬಿಟ್ಟರೆ ಬೇರೇನೂ ಸಿಗದು. ಏರಿನ ನಿಜವಾದ ಕೋನ ಸಿಗುವುದು ಪಕ್ಕದಿಂದ. ಏರಿನ ನಡುಮಟ್ಟದಲ್ಲಿ, ಟೇಪಿನಿಂದ ಹೊರಗೆ, ನೆಲಕ್ಕೆ ಹತ್ತಿರ ಕುಳಿತರೆ ಇಳಿಜಾರಿನ ಗೆರೆ ಚೌಕಟ್ಟಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡುತ್ತದೆ.

ಕೆಲವರು ಇದಕ್ಕೆ ಅಡ್ಡದಾರಿ ಹಿಡಿಯುತ್ತಾರೆ. ಕ್ಯಾಮೆರಾವನ್ನೇ ಓರೆಮಾಡಿ ಸಣ್ಣ ದಿಬ್ಬವನ್ನು ಬೆಟ್ಟ ಮಾಡಿಬಿಡುತ್ತಾರೆ. ಆದರೆ ಹಿಂದಿನ ಪೈನ್ ಮರಗಳು ಸುಮ್ಮನಿರುತ್ತವೆಯೇ? ಅವೂ ವಾಲಿ ನಿಂತು ಗುಟ್ಟು ರಟ್ಟು ಮಾಡುತ್ತವೆ. ಅದರ ಬದಲು ನೆಟ್ಟಗಿರುವ ಮರವೊಂದನ್ನೋ ಪಕ್ಕದಲ್ಲಿ ನಿಂತ ಪ್ರೇಕ್ಷಕರನ್ನೋ ಚೌಕಟ್ಟಿನೊಳಗೆ ಬಿಟ್ಟುಕೊಳ್ಳಿ. ನೆಟ್ಟಗಿನದು ಪಕ್ಕದಲ್ಲಿದ್ದರೆ ಓರೆಯದು ಎಷ್ಟು ಓರೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಬೈಕಿನ ಎರಡೂ ಚಕ್ರ, ಅವು ಕಚ್ಚಿ ಹಿಡಿದ ನೆಲ, ಮುಂದೆ ಹತ್ತಬೇಕಾದ ಕಲ್ಲು ಇವಿಷ್ಟೂ ಚಿತ್ರದಲ್ಲಿರಲಿ. ಬೈಕು ದೊಡ್ಡದಾಗಿ ಕಾಣಲೆಂದು ನೆಲವನ್ನು ಕತ್ತರಿಸಿದರೆ ಆಟವನ್ನೇ ಕತ್ತರಿಸಿದಂತೆ.

ಕಿವಿಗೊಟ್ಟು ಕ್ಲಿಕ್ಕಿಸಿ

ನಿಧಾನದ ಆಟ, ಫೋಟೊ ಸುಲಭ ಎಂದುಕೊಳ್ಳಬೇಡಿ. ಬೈಕು ಗಂಟೆಗೆ 10 ಕಿಲೊಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನಿ. ಆಗ ಅದು ಸೆಕೆಂಡಿಗೆ 2.8 ಮೀಟರ್ ಸಾಗುತ್ತದೆ. ಕಣ್ಣಿಗೆ ಕಂಡದ್ದು ಬೆರಳಿಗೆ ತಲುಪಲು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಬೈಕು 70 ಸೆಂಟಿಮೀಟರ್ ಮುಂದಿರುತ್ತದೆ. ಅಂದರೆ ನೋಡಿ ಒತ್ತಿದರೆ ತಡವಾಯಿತು ಎಂದೇ ಅರ್ಥ. ಮೊದಲೇ ಊಹಿಸಿ ಒತ್ತಬೇಕು.

ಊಹಿಸುವುದು ಹೇಗೆ? ಸವಾರರು ಮಾಡುವುದನ್ನೇ ಮಾಡಬೇಕು. ಸ್ಪರ್ಧೆಗೆ ಮುನ್ನ ಅವರು ಸೆಕ್ಷನ್ನನ್ನು ಕಾಲ್ನಡಿಗೆಯಲ್ಲಿ ನೋಡಿ, ಎಲ್ಲಿ ಚಕ್ರ ಇಡಬೇಕು, ಎಲ್ಲಿ ಜಾರುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಅವರೆಲ್ಲ ಯಾವ ಕಲ್ಲಿನ ಹತ್ತಿರ ನಿಂತು ತಲೆ ಕೆರೆದುಕೊಳ್ಳುತ್ತಾರೋ ಅದೇ ನಿಮ್ಮ ಫೋಟೊದ ಜಾಗ. ಅಲ್ಲಿಗೆ ಫೋಕಸ್ ಇಟ್ಟುಕೊಂಡು ಕಾಯಿರಿ. ಇನ್ನು ಇಂಜಿನ್ನಿನ ಸದ್ದು ಕೇಳಿ. ದೊಡ್ಡ ಮೆಟ್ಟಿಲಿನ ಮುಂದೆ ಇಂಜಿನ್ ಒಂದು ಗಳಿಗೆ ಮೆತ್ತಗಾಗುತ್ತದೆ, ಮಂಡಿ ಬಾಗುತ್ತದೆ, ಆಮೇಲೆ ಒಮ್ಮೆಲೇ ಗುಡುಗುತ್ತದೆ. ಆ ಗುಡುಗೇ ನಿಮಗೆ ಕೊಟ್ಟ ಸೂಚನೆ. ಮುಂದಿನ ಚಕ್ರ ಕಲ್ಲಿನ ಅಂಚಿಗೇರಿ, ಹಿಂದಿನದು ಇನ್ನೂ ಕೆಳಗಿದ್ದು, ಹತ್ತುತ್ತಾನೋ ಬೀಳುತ್ತಾನೋ ಎಂದು ತಿಳಿಯದ ಕ್ಷಣವೇ ಒಳ್ಳೆಯ ಚಿತ್ರ. ಎರಡೂ ಚಕ್ರ ಮೇಲೆ ಬಂದಮೇಲೆ ಆತಂಕವೂ ಮುಗಿಯಿತು, ಚಿತ್ರವೂ ಮುಗಿಯಿತು.

ಶಟರ್ ವೇಗ ಸೆಕೆಂಡಿನ 1/500 ಇದ್ದರೆ ಸವಾರನ ಮೈ ಸ್ಪಷ್ಟವಾಗಿ ನಿಲ್ಲುತ್ತದೆ. ತೊರೆಯ ನೀರಿನ ಒಂದೊಂದು ಹನಿಯೂ ಬೇಕೆಂದರೆ 1/1000ಕ್ಕೆ ಹೋಗಿ. 1/250ಕ್ಕೆ ಇಳಿಸಿದರೆ ಮುಖ ಸ್ಪಷ್ಟವಿದ್ದು, ಜಾರಿ ಗಿರಗಿರನೆ ತಿರುಗುವ ಹಿಂದಿನ ಚಕ್ರ ಮಸುಕಾಗುತ್ತದೆ. ಇಂಜಿನ್ನಿನ ಹೋರಾಟ ಹೀಗೆಯೇ ಚೆನ್ನಾಗಿ ಕಾಣುವುದು. ಮರದ ನೆರಳಿನಲ್ಲಿ ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಲು ಹಿಂಜರಿಯಬೇಡಿ. ಇಂದಿನ ಕ್ಯಾಮೆರಾಗಳು 1600, 3200ನ್ನು ನಿಭಾಯಿಸುತ್ತವೆ. ಸವಾರನ ಕಣ್ಣಿಗೆ ಫ್ಲ್ಯಾಶ್ ಹೊಡೆಯುವುದಕ್ಕಿಂತ ಅದೇ ಮೇಲು. ಮೊಬೈಲ್ ಫೋನಿನವರೂ ಬೇಸರಪಡಬೇಕಿಲ್ಲ. ಸಾಲಾಗಿ ಫೋಟೊ ತೆಗೆಯುವ ಸೌಲಭ್ಯ ಈಗ ಬಹುತೇಕ ಫೋನುಗಳಲ್ಲಿದೆ.

ಇನ್ನೊಂದು ಭಾಗ್ಯವೂ ಟ್ರಯಲ್ಸ್‌ನಲ್ಲಿದೆ. ರೇಸಿನ ಸವಾರನ ಮುಖ ಹೆಲ್ಮೆಟಿನೊಳಗೆ ಹುದುಗಿಹೋಗಿರುತ್ತದೆ. ಟ್ರಯಲ್ಸ್ ಹೆಲ್ಮೆಟ್ ಮುಖ ಮುಚ್ಚುವುದಿಲ್ಲ. ಕಚ್ಚಿದ ತುಟಿ, ಮುಂದಿನ ಕಲ್ಲಿಗೆ ನೆಟ್ಟ ಕಣ್ಣು, ಉಬ್ಬಿದ ಕೆನ್ನೆ ಎಲ್ಲವೂ ಸಿಗುತ್ತವೆ. ಆ ಕಣ್ಣು ಕಾಣದ ಚಿತ್ರ ಎಷ್ಟು ಚೆಂದವಿದ್ದರೂ ಅರ್ಧ ಚಿತ್ರವೇ.

ಕಂಬಳದ ಕನೆಹಲಗೆ

ಕಾಸರಗೋಡು, ಮಂಜೇಶ್ವರದ ಕಡೆಯ ಓದುಗರಿಗೆ ಇದನ್ನು ಬೇಗ ಅರ್ಥಮಾಡಿಸಬಹುದು. ಕಂಬಳದಲ್ಲಿ ಹಗ್ಗ, ನೇಗಿಲಿನ ಓಟಕ್ಕೆ ವೇಗವೇ ಮುಖ್ಯ. ಕನೆಹಲಗೆಯಲ್ಲಿ ಹಾಗಲ್ಲ. ಅಲ್ಲಿ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನಿಯನ್ನು ಮುಟ್ಟಿತೇ ಎಂಬುದೇ ಪ್ರಶ್ನೆ. ಕೋಣದ ಮುಖವನ್ನಷ್ಟೇ ತುಂಬಿಸಿ, ನಿಶಾನಿಯನ್ನು ಬಿಟ್ಟು ತೆಗೆದ ಕನೆಹಲಗೆಯ ಫೋಟೊದಿಂದ ಏನು ತಿಳಿದೀತು? ಕಾಲೂ ನೆಲವೂ ಇಲ್ಲದ ಟ್ರಯಲ್ಸ್ ಫೋಟೊವೂ ಹಾಗೆಯೇ. ಯಾವ ಆಟದಲ್ಲಿ ಯಾವುದನ್ನು ಅಳೆಯುತ್ತಾರೋ ಅದು ಚಿತ್ರದಲ್ಲಿ ಇರಲೇಬೇಕು.

ಸಾಕ್ಷಿಯೋ, ಸುಳ್ಳುಸಾಕ್ಷಿಯೋ?

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಾಲು ಊರಿದನೋ ಇಲ್ಲವೋ ಎಂಬ ಒಂದೇ ಅಂಶದ ಮೇಲೆ ಸೋಲುಗೆಲುವು ನಿಂತಿರುವ ಆಟ ಇದು. ಆರು ದಿನದ ಕೊನೆಗೆ ಒಂದು ಅಂಕವೂ ದೊಡ್ಡದೇ. ಹಾಗಿರುವಾಗ ‘ನೋಡಿ, ನನ್ನ ಫೋಟೊದಲ್ಲಿ ಕಾಲು ನೆಲದಲ್ಲಿದೆ’ ಎಂದು ಹೇಳುವ ಆಸೆ ಯಾರಿಗಾದರೂ ಬಂದೀತು. ಆದರೆ ಉದ್ದ ಲೆನ್ಸು ದೂರವನ್ನು ನುಂಗಿಬಿಡುತ್ತದೆ. ಬಂಡೆಗಿಂತ ಒಂದು ಗೇಣು ಈಚೆ, ಗಾಳಿಯಲ್ಲಿರುವ ಬೂಟು ಫೋಟೊದಲ್ಲಿ ಬಂಡೆಯ ಮೇಲೇ ಇರುವಂತೆ ಕಾಣಬಹುದು. ಹತ್ತಿರ ನಿಂತು ನೋಡಿದವರು ಅಬ್ಸರ್ವರ್. ಅಂಕ ಅವರದು, ಚಿತ್ರ ಮಾತ್ರ ನಮ್ಮದು. ಇಷ್ಟು ವಿನಯ ಇಲ್ಲದವರು ಆ ಫೋಟೊದ ಕೆಳಗೆ ಅಡಿಬರಹ ಬರೆಯದಿರುವುದೇ ಒಳ್ಳೆಯದು.

ಹಾಗೆಯೇ ಬಿದ್ದವನ ಚಿತ್ರ. ಬೀಳುವುದು ಈ ಆಟದ ಭಾಗವೇ, ಅದನ್ನು ತೆಗೆಯಬಾರದು ಎಂದೇನಿಲ್ಲ. ಆದರೆ ಕ್ಲಿಕ್ಕಿಸಿದ ಮರುಗಳಿಗೆ ಕ್ಯಾಮೆರಾ ಕೆಳಗಿಟ್ಟು ಕೈಕೊಡಲು ಸಿದ್ಧರಿರಬೇಕು. ಏರಿನ ನೇರ ಕೆಳಗೆ ಎಂದೂ ನಿಲ್ಲಬೇಡಿ. ಸವಾರನ ಕೈತಪ್ಪಿದ 70 ಕಿಲೊ ಬೈಕು ಯಾರನ್ನೂ ಕೇಳಿಕೊಂಡು ಉರುಳುವುದಿಲ್ಲ. ಅಡ್ಡ ಬಂದಿತೆಂದು ಒಂದು ಕಲ್ಲನ್ನೂ ಸರಿಸಬೇಡಿ. ನೀವು ಸರಿಸಿದ ಕಲ್ಲು ನಿಮ್ಮ ಹಿಂದೆ ಬರುವ ನೂರು ಸವಾರರಿಗೆ ಬೇರೆಯೇ ಪರೀಕ್ಷೆಯಾಗುತ್ತದೆ.

ಸ್ಯಾಮಿ ಮಿಲ್ಲರ್ ಎಂಬ ಸವಾರ ಓಡಿಸಿದ ಏರಿಯಲ್ ಬೈಕಿನ ನಂಬರು ‘ಜಿಒವಿ 132’ ಟ್ರಯಲ್ಸ್ ಅಭಿಮಾನಿಗಳಿಗೆ ಇಂದಿಗೂ ಬಾಯಿಪಾಠ. ಮಿಲ್ಲರ್ 1965ರಲ್ಲಿ ಸ್ಪೇನಿನ ಬುಲ್ಟಾಕೊ ಬೈಕಿನಲ್ಲಿ ಸ್ಕಾಟ್ಲೆಂಡಿನ ಈ ಸ್ಪರ್ಧೆಯನ್ನು ಗೆದ್ದಾಗ ಬ್ರಿಟಿಷ್ ಬೈಕುಗಳ ಕಾಲ ಮುಗಿಯುತ್ತಿದೆ ಎಂಬುದು ಎಲ್ಲರಿಗೂ ತಿಳಿಯಿತು. ಆ ದಿನಗಳ ಕಪ್ಪುಬಿಳುಪು ಫೋಟೊಗಳನ್ನು ತೆಗೆದವರ ಬಳಿ ಒಂದು ರೀಲಿಗೆ 36 ಚಿತ್ರ ಮಾತ್ರ ಇದ್ದವು. ಇಂದು ನಮ್ಮ ಕೈಯಲ್ಲಿ ಸಾವಿರ ಇವೆ. ಅದರಲ್ಲಿ ಒಂದರಲ್ಲಾದರೂ ಏರು ಏರಾಗಿ, ಕಾಲು ಕಾಲಾಗಿ, ಸವಾರ ಸವಾರನಾಗಿ ಕಂಡರೆ ತೆಗೆದವರ ದಿನ ಸಾರ್ಥಕ.