ಅನುಭವಿ ಫಿಸಿಯೋಥೆರಪಿಸ್ಟ್‌ಗೂ ಪಾಠ ಬೇಕೆ?

ತಪ್ಪು ಕಲ್ಪನೆ: ವರ್ಷ ಕಳೆದಂತೆ ಕೈ ಪಳಗುತ್ತದೆ, ಮತ್ತೆ ಕಲಿಯುವುದೇನೂ ಉಳಿಯುವುದಿಲ್ಲ.

ಸತ್ಯ: ಕೈ ಪಳಗುವುದು ನಿಜ. ಲಕ್ವ ಹೊಡೆದವರನ್ನು ಬೀಳದಂತೆ ಎಬ್ಬಿಸಿ ನಿಲ್ಲಿಸುವ ಹದ ಪುಸ್ತಕದಿಂದ ಬರುವುದಿಲ್ಲ. ಆದರೆ ಸರಿಯಾದದ್ದರ ಜೊತೆಗೆ ತಪ್ಪೂ ರೂಢಿಯಾಗುತ್ತದೆ. ವೈದ್ಯರ ಅನುಭವಕ್ಕೂ ಚಿಕಿತ್ಸೆಯ ಗುಣಮಟ್ಟಕ್ಕೂ ಇರುವ ನಂಟಿನ ಬಗ್ಗೆ ನಡೆದ 62 ಅಧ್ಯಯನಗಳನ್ನು 2005ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ವರ್ಷ ಏರಿದಂತೆ ಗುಣಮಟ್ಟ ಇಳಿದಿತ್ತು. ಅಮೆರಿಕದ ಫಿಸಿಯೋಥೆರಪಿಸ್ಟರನ್ನೇ ಕುರಿತ ಅಧ್ಯಯನಗಳಲ್ಲೂ, ಸೊಂಟನೋವಿನವರು ಎಷ್ಟು ಚೇತರಿಸಿಕೊಂಡರು ಎಂಬುದಕ್ಕೂ ಚಿಕಿತ್ಸಕರ ಸರ್ವೀಸಿಗೂ ಸಂಬಂಧ ಕಾಣಲಿಲ್ಲ.

ಯಾಕೆ ಹೀಗೆ? ನನ್ನ ಪ್ರಕಾರ, ಕ್ಲಿನಿಕ್ಕಿಗೆ ಐದು ದಿನ ಬಂದು ಆರನೆಯ ದಿನ ಬಾರದ ರೋಗಿಯ ಕಥೆ ನಮಗೆ ತಿಳಿಯುವುದೇ ಇಲ್ಲ. ನೋವು ಹೋಯಿತೋ, ಬೇಸತ್ತು ಬೇರೆ ಕಡೆ ಹೋದರೋ? ‘ವಾಸಿಯಾಗಿರಬೇಕು’ ಎಂದುಕೊಂಡು ಮುಂದಿನವರನ್ನು ಕರೆಯುತ್ತೇವೆ. ಹೀಗೆ ಕೂಡಿಬಂದ ಅನುಭವ ಏನನ್ನೂ ತಿದ್ದುವುದಿಲ್ಲ.

ತಪ್ಪು ಕಲ್ಪನೆ: ಮೂಳೆ, ಸ್ನಾಯು ಬದಲಾಗುವುದಿಲ್ಲವಲ್ಲ, ಕಾಲೇಜಿನ ಪಾಠವೇ ಸಾಕು.

ಸತ್ಯ: ದೇಹ ಅದೇ, ಅದರ ಬಗೆಗಿನ ತಿಳಿವಳಿಕೆ ಅದೇ ಅಲ್ಲ. ಎಂಆರ್‌ಐ ಕವರನ್ನು ಮೇಜಿನ ಮೇಲಿಟ್ಟು ಕೂರುವ ಐವತ್ತರ ರೈತನನ್ನೇ ನೋಡಿ. ‘ಡಿಸ್ಕ್ ಸವೆದಿದೆ, ಇನ್ನು ಬಗ್ಗಬೇಡಿ’ ಎಂದರೆ ಆತ ಹೊಲದ ಕೆಲಸವನ್ನೇ ಬಿಟ್ಟು ಕೂರುತ್ತಾನೆ. ಆದರೆ 2015ರ ಒಂದು ಪರಿಶೀಲನೆಯ ಅಂದಾಜಿನಂತೆ, ನೋವೇ ಇಲ್ಲದ ಐವತ್ತರ ಪ್ರಾಯದವರಲ್ಲೂ ಶೇ. 80ರಷ್ಟು ಜನರ ಸ್ಕ್ಯಾನಿನಲ್ಲಿ ಡಿಸ್ಕ್ ಸವೆತ ಕಾಣುತ್ತದೆ, ಶೇ. 60ರಷ್ಟು ಜನರಲ್ಲಿ ಡಿಸ್ಕ್ ಉಬ್ಬಿರುತ್ತದೆ. ಇದು ಗೊತ್ತಿದ್ದರೆ ಆತನಿಗೆ ಹೇಳುವ ಮಾತೇ ಬೇರೆ. ಅದೇ ವರ್ಷ ಪ್ರಕಟವಾದ ‘ಅವರ್ಟ್’ ಎಂಬ ಪ್ರಯೋಗದಲ್ಲಿ 2,104 ಪಾರ್ಶ್ವವಾಯು ರೋಗಿಗಳಿದ್ದರು. ಮೊದಲ 24 ಗಂಟೆಯೊಳಗೇ ಮಾಮೂಲಿಗಿಂತ ಹೆಚ್ಚು ತೀವ್ರವಾಗಿ ಎಬ್ಬಿಸಿ ಓಡಾಡಿಸಿದವರ ಚೇತರಿಕೆ ಮೂರು ತಿಂಗಳ ಹೊತ್ತಿಗೆ ಹಿಂದೆಬಿದ್ದಿತ್ತು. ಬೇಗ ಎಬ್ಬಿಸಿದಷ್ಟೂ ಒಳ್ಳೆಯದೆಂದು ನಂಬಿಕೊಂಡು ಬಂದವರಿಗೆ ಇದನ್ನು ಒಪ್ಪುವುದು ಕಷ್ಟ. ಹೊಸಬರು ಕಲಿತರೆ ಸಾಕು, ಹಳಬರು ಕಲಿತದ್ದನ್ನು ಬಿಡಲೂಬೇಕು.

ತಪ್ಪು ಕಲ್ಪನೆ: ಆಗಾಗ ಎರಡು ದಿನದ ವರ್ಕ್‌ಶಾಪ್‌ಗೆ ಹೋಗಿಬಂದರೆ ಆಯಿತು.

ಸತ್ಯ: 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 19 ಫಿಸಿಯೋಥೆರಪಿಸ್ಟರು ಕತ್ತುನೋವಿನ ಬಗ್ಗೆ ಎರಡು ದಿನದ ಕೋರ್ಸ್ ಮಾಡಿದರು. ಆಮೇಲೆ ಒಂದು ಗುಂಪಿಗೆ ಅಷ್ಟಕ್ಕೇ ಮುಗಿಯಿತು. ಇನ್ನೊಂದು ಗುಂಪಿನವರು ಕೆಲಸಕ್ಕೆ ಮರಳಿದ ಮೇಲೂ ಸಣ್ಣ ಗುಂಪುಗಳಲ್ಲಿ ಸೇರಿ ಕಲಿಕೆ ಮುಂದುವರಿಸಿದರು. ತರಬೇತುದಾರರು ಅವರಿದ್ದಲ್ಲಿಗೇ ಬಂದರು. ಈ ಗುಂಪಿನ ರೋಗಿಗಳು ಹೆಚ್ಚು ಚೇತರಿಸಿಕೊಂಡರು, ಅದೂ ಕಡಿಮೆ ಭೇಟಿಗಳಲ್ಲಿ. ಗೋಡೆಯ ಮೇಲಿನ ಸರ್ಟಿಫಿಕೇಟ್ ಎರಡೂ ಗುಂಪಿಗೆ ಒಂದೇ!

ತಪ್ಪು ಕಲ್ಪನೆ: ಇದೆಲ್ಲ ದೊಡ್ಡ ನಗರದ ದೊಡ್ಡ ಆಸ್ಪತ್ರೆಗಳಿಗೆ.

ಸತ್ಯ: ತಾಲ್ಲೂಕು ಊರಿನಲ್ಲೂ ಮೂರು-ನಾಲ್ಕು ಕ್ಲಿನಿಕ್‌ಗಳವರು ತಿಂಗಳಿಗೊಮ್ಮೆ ಒಟ್ಟಿಗೆ ಕೂರಬಹುದು. ಗುಣವಾದವರ ಕೇಸು ಬೇಡ, ಗುಣವಾಗದವರ ಕೇಸು ತರಬೇಕು. ಮೊದಲ ದಿನ ರೋಗಿ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂತರು ಎಂದು ಬರೆದಿಟ್ಟುಕೊಂಡು, ತಿಂಗಳ ಮೇಲೆ ಮತ್ತೆ ಎಣಿಸಬೇಕು. ಬಾರದೇ ಹೋದವರಿಗೆ ಒಂದು ಫೋನ್ ಮಾಡಿ ‘ಹೇಗಿದ್ದೀರಿ, ಯಾಕೆ ಬರಲಿಲ್ಲ?’ ಎಂದು ಕೇಳಬೇಕು.